ಸೋಫಾದ ಕಂದು ಕಲೆ

ಹೊನ್ನಾವರ

ಮಾನ್ಯ ಸುಪ್ರಿಯಾ ಅವರಿಗೆ,

ನಾನು ತೊಳೆದುಕೊಟ್ಟ ನಿಮ್ಮ ಹತ್ತಿಬಟ್ಟೆಯ ಸೋಫಾ ಮಾರನೆಯ ದಿನ ಕಂದುಬಣ್ಣಕ್ಕೆ ತಿರುಗಿತೆಂದೂ, ನನ್ನ ಕೈಯೇ ಕೊಳಕೆಂದೂ ನೀವು ಕೇರಿಯ ಮನೆಮನೆಯಲ್ಲಿ ಹೇಳಿದ್ದು ತಿಳಿಯಿತು.

ಅದು ಕೊಳೆಯಲ್ಲ. ಹತ್ತಿಬಟ್ಟೆ ನಿಧಾನವಾಗಿ ಒಣಗಿದರೆ ಹತ್ತಿಯ ನಾರಿನೊಳಗೇ ಇರುವ ಕಂದು ಬಣ್ಣ ನೀರಿನ ಜೊತೆ ಮೇಲೆ ಬರುತ್ತದೆ. ಅದಕ್ಕೇ ಕಿಟಕಿ ತೆರೆದು ಫ್ಯಾನ್ ಹಾಕಿಡಿ ಎಂದಿದ್ದೆ. ನಾನು ಗೇಟು ದಾಟುವ ಮೊದಲೇ ನೀವು, "ಒಣಮೀನಿನ ವಾಸನೆ ತಡಿಯೂಕೆ ಆಗುದಿಲ್ಲ, ಎಲ್ಲಾ ಕಿಟಕಿ ಮುಚ್ಚಿ" ಎಂದು ಕೂಗಿದ್ದು ನನಗೆ ಕೇಳಿಸಿತ್ತು.

ಒಂದು ಲೋಟ ನೀರಿಗೆ ಎರಡು ಚಮಚ ಬಿಳಿ ವಿನೆಗರ್ ಬೆರೆಸಿ ತೆಳುವಾಗಿ ಸಿಂಪಡಿಸಿ, ಬಿಳಿ ಬಟ್ಟೆಯಿಂದ ಒತ್ತಿ ತೆಗೆಯಿರಿ. ಕಲೆ ಹೋಗುತ್ತದೆ. ಯಾರಿಂದಲಾದರೂ ಮಾಡಿಸಿ, ನಾನು ಬರುವುದಿಲ್ಲ.

ಆದರೆ ಸಂಜೆಯವರೆಗೆ ಕಿಟಕಿ ತೆರೆದಿರಲೇಬೇಕು. ನಿಮ್ಮ ಹಿತ್ತಿಲಾಚೆ ಮೀನು ಒಣಗಿಸುವವಳು ನನ್ನ ಅಮ್ಮ. ಯಾವ ದಿನವೆಂದು ಮೊದಲೇ ತಿಳಿಸಿದರೆ, ಅವಳು ಆ ದಿನ ಮೀನು ಹರಡುವುದಿಲ್ಲ.

ಕಲೆ ಹೋದ ಮೇಲೆ ಅದನ್ನೂ ಅದೇ ಮನೆಗಳಿಗೆ ಹೋಗಿ ಹೇಳಿ ಬನ್ನಿ.

ಇತಿ,
ರೇಷ್ಮಾ ಖಾರ್ವಿ
ಸೋಫಾ ತೊಳೆಯುವವಳು