ಹನ್ನೊಂದು ಸಾವಿರ ಜನ ನೋಡಿದ ಸುಳ್ಳು

ಶನಿವಾರ, ಜೂನ್ ೧೪. ಬೊಮ್ಮಸಂದ್ರ.

ಪಕ್ಕದ ರೂಮಿನ ಸಿದ್ದಕ್ಕ ಸಂಜೆ ನಲ್ಲಿಯ ಹತ್ತಿರ ಹೇಳಿದ ಮಾತು ಇನ್ನೂ ಚುಚ್ಚುತ್ತಿದೆ. "ನಿನ್ನ ವೀಡಿಯೊ ನೋಡಿದ್ನಿ ತಮ್ಮಾ. ಪ್ರಾರ್ಥನೆಯಿಂದನ ಕೈ ಆರಾಮಾತಂತಲ್ಲ? ನಮ್ಮ ಮನಿಯವ್ರ ಕಾಲಿನ ಹುಣ್ಣಿಗೂ ಇನ್ನ ದವಾಖಾನಿ ಬ್ಯಾಡ. ನಾಳೆ ನಿಮ್ಮ ಚರ್ಚಿಗೆ ಕರ್ಕೊಂಡ ಬರ್ತೀನಿ."

ಅವಳ ಗಂಡನಿಗೆ ಸಕ್ಕರೆ ಕಾಯಿಲೆ. ಔಷಧ ಬಿಟ್ಟರೆ ಕಾಲೇ ಹೋಗುತ್ತದೆ.

ಫ್ಯಾಕ್ಟರಿಯ ಪ್ರೆಸ್ ಮೆಷಿನ್ನಿಗೆ ಸಿಕ್ಕ ನನ್ನ ಕೈಗೆ ಹೊಲಿಗೆ ಹಾಕಿದ್ದು ಡಾಕ್ಟರು. ನಮ್ಮ ಚರ್ಚಿನ ಪಾಸ್ಟರ್ ಸುಕುಮಾರ್ ಬಂದು ಪ್ರಾರ್ಥಿಸಿದ್ದು ಹೊಲಿಗೆ ಬಿಚ್ಚಿದ ಮೇಲೆ. ನಾನು ಸಾಕ್ಷಿ ಹೇಳುವ ವೀಡಿಯೊ ಮಾಡುವಾಗ, "ಡಾಕ್ಟರ್ ವಿಷಯ ಬಿಡಪ್ಪ, ದೇವರಿಗೆ ಮಹಿಮೆ ಬರಲಿ" ಅಂದರು. ವೀಡಿಯೊದ ಮೇಲೆ ದೊಡ್ಡದಾಗಿ ಇರುವುದು ಪಾಸ್ಟರ್ ಮುಖ. ಯೇಸು ಸ್ವಾಮಿ ಕುಷ್ಠರೋಗಿಯನ್ನು ಗುಣಪಡಿಸಿ, ಯಾರಿಗೂ ಹೇಳಬೇಡ ಎಂದು ಕಳಿಸಿದರು. ಇವರಿಗೆ ಲೈಕು ಬೇಕು.

ನನಗೇನು ಬೇಡವಾಗಿತ್ತೇ? ಮೂರನೇ ಸಲ ಶೂಟ್ ಮಾಡುವಾಗ ಯಾರೂ ಹೇಳದಿದ್ದರೂ ನಾನೇ ಅತ್ತು ತೋರಿಸಿದೆ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವನನ್ನು ಹನ್ನೊಂದು ಸಾವಿರ ಜನ ನೋಡಿದ್ದಾರೆ.

"ಸುಳ್ಳು ಅಕ್ಕಾ ಅದು. ಆರು ಹೊಲಿಗೆ ಹಾಕಿದ್ರು, ನೋಡಿ" ಎಂದು ನಲ್ಲಿಯ ಹತ್ತಿರವೇ ಅವಳಿಗೆ ಕೈ ತೋರಿಸಿದೆ. ಸಿದ್ದಕ್ಕ ನಕ್ಕಳು. "ಸುಳ್ಳ ಹೇಳಾವ್ರು ಹಂಗ ಅಳೂದಿಲ್ಲ, ಹೋಗ."

ಪಾಸ್ಟರಿಗೆ ಫೋನ್ ಮಾಡಿ, ವೀಡಿಯೊ ತೆಗೆದುಹಾಕಿ ಎಂದು ಜಗಳವಾಡಿದೆ. "ಚೆನ್ನಾಗಿ ಓಡ್ತಾ ಇದೆಯಲ್ಲೋ!" ಅಂದರು. ನಾಳೆ ಆರಾಧನೆಯ ಮಧ್ಯೆಯೇ ಎದ್ದು ನಿಂತು, ಸಿದ್ದಕ್ಕನಿಗೆ ಕೇಳುವಂತೆ ಎಲ್ಲ ಹೇಳುತ್ತೇನೆ. ಹೇಳಿಯೇ ಹೇಳುತ್ತೇನೆ.

ಆದರೆ ಫೋನ್ ಮಾಡುವ ಮೊದಲು, ಎಲ್ಲಿ ನಿಜವಾಗಿ ತೆಗೆದುಬಿಡುತ್ತಾರೋ ಎಂದು, ಆ ವೀಡಿಯೊವನ್ನು ನನ್ನ ಮೊಬೈಲಿಗೆ ಇಳಿಸಿಕೊಂಡೆ. ಥೂ.