ಬಾವಿ ಹಗ್ಗ ಹುಡುಕಬೇಡ

ಮೋಹನಣ್ಣ,

ಚನ್ನರಾಯಪಟ್ಟಣದಿಂದ ಬಂದವನೇ ಬಾವಿ ಹಗ್ಗ ಕಾಣದೆ ಊರೆಲ್ಲ ಒಂದು ಮಾಡಬೇಡ, ನಾನೇ ತೆಗೆದುಕೊಂಡು ಹೋಗಿದ್ದೇನೆ. ಮೋಟರು ಇನ್ನೂ ರಿಪೇರಿಯಾಗಿಲ್ಲ. ಹಂಡೆ ತುಂಬ ನೀರು ಸೇದಿಟ್ಟಿದ್ದೇನೆ, ಅದರಲ್ಲೇ ಸ್ನಾನ ಮುಗಿಸು. ಮುದ್ದೆ, ಉಪ್ಸಾರು ಮುಚ್ಚಿಟ್ಟಿದೆ.

ಗುಂಡುತೋಪಿನ ಮರ ಕಡಿದು ಅಂಗಡಿ ಮಳಿಗೆ ಕಟ್ಟಬೇಡಿ ಎಂದು ಪುರಸಭೆಗೆ ಅಲೆದೂ ಅಲೆದೂ ನನ್ನ ಚಪ್ಪಲಿ ಸವೆಯಿತು. ನಿನ್ನೆ ಎಂಜಿನಿಯರು, "ಅಲ್ಲಿಗೆ ಯಾರ್ ಬತ್ತಾರೆ ಮೇಡಂ, ಸುಮ್ನೆ ಬಿದ್ದಿರೋ ಜಾಗ" ಎಂದುಬಿಟ್ಟ. ಇವತ್ತು ಸಂಜೆ ಸದಸ್ಯರೆಲ್ಲ ತೋಪು ನೋಡಲು ಬರುತ್ತಾರೆ. ಅಷ್ಟರಲ್ಲಿ ಅಲ್ಲಿನ ನಮ್ಮ ಹುಣಸೆಮರಕ್ಕೆ ಜೋಕಾಲಿ ಕಟ್ಟಿ, ಬೀದಿಯ ಮಕ್ಕಳನ್ನೆಲ್ಲ ಸೇರಿಸುತ್ತೇನೆ.

ಜೋಕಾಲಿಗೆಂದು ನಾವು ಹಗ್ಗ ಕದ್ದಾಗಲೆಲ್ಲ ಅವ್ವ ಬಾವಿಕಟ್ಟೆಯಿಂದಲೇ, "ಲೇ ಮೋಹನ, ಕೊಡಕ್ಕೆ ನಿನ್ ಜುಟ್ಟು ಕಟ್ಲೇನ್ಲಾ?" ಎಂದು ಕೂಗುತ್ತಿದ್ದಳು. ನೀನು ಕೇಳಿಸದವನ ಹಾಗೆ ಇನ್ನೂ ಜೋರಾಗಿ ತೂಗುತ್ತಿದ್ದೆ. ನನ್ನ ಕಾಲು ಹುಣಸೆ ಎಲೆಗೆ ತಾಗುತ್ತಿತ್ತು. ಮರ ಅದೇ, ಕೊಂಬೆಯೂ ಅದೇ.

ನನ್ನ ಅರ್ಜಿ, ಅಲೆದಾಟ ಕಂಡರೆ ನಿನಗೆ ಮೈ ಉರಿಯುತ್ತದೆ, ಗೊತ್ತು. ಆದರೆ ಈಗಿನ ಮಕ್ಕಳಿಗೆ ಜೋಕಾಲಿಯಲ್ಲಿ ಕೂರಲು ಬರುತ್ತದೆ, ತೂಗಲು ಬರುವುದಿಲ್ಲ. ಉಂಡು ಬಾ. ಬೈಯುವುದಿದ್ದರೆ ತೋಪಿಗೇ ಬಂದು, ತೂಗುತ್ತಾ ಬೈ.

ಪದ್ಮ