ಹದಿನೇಳನೇ ಬೋರಿನ ಹಿಡಿಕೆ

೧೦ ಏಪ್ರಿಲ್ ೨೦೦೭, ಮಧ್ಯಾಹ್ನ. ಇಂಡಿ

ನಾನು ಕಂಪ್ಯೂಟರಿನಲ್ಲಿ ತೆಗೆದ ಫ್ಲೋರೈಡ್ ಬೋರುಗಳ ಪಟ್ಟಿಯಂತೆ, ನೀರು ಬಂದ್ ಮಾಡಲು ಸಾಲೋಟಗಿ ದಾರಿಯ ವಸ್ತಿಯಲ್ಲಿ ಹದಿನೇಳನೇ ಬೋರಿನ ಹಿಡಿಕೆ ಬಿಚ್ಚಲಾಗಿದೆ. ತಿಳಿಸಿದವನು ಪಂಪ್ ಮೇಸ್ತ್ರಿ ಮೈಬೂಬ, ಫೋನಿನಲ್ಲಿ. ಬಿಚ್ಚುವ ಮೊದಲೂ ಒಮ್ಮೆ ಮಾಡಿದ್ದ; ಆಗಿನ ಮಾತು ಇದು.

"ಸರ, ಇಲ್ಲಿ ಹುಡುಗ್ರ ಹಲ್ಲು ಬೆಳ್ಳಗ ಅದಾವ್ರಿ. ಹಲ್ಲು ಕೆಟ್ಟಿದ್ದು ಗುಡಿ ಓಣ್ಯಾಗ. ಫ್ಲೋರೈಡ್ ಅಲ್ಲಿ ಐತ್ರಿ."

"ಪಟ್ಟಿ ಕಂಪ್ಯೂಟರಿಂದ ಬಂದೈತಿ. ನೀ ಏನ್ ಲ್ಯಾಬೇನು? ಬಿಚ್ಚು."

"ಆತ್ರಿ."

ಉಳಿದ ಪಟ್ಟಿ ಪ್ರಿಂಟ್ ಮಾಡಿದೆ.

೨೪ ಏಪ್ರಿಲ್, ಬೆಳಿಗ್ಗೆ

ಆ ವಸ್ತಿಯ ಶೆಟ್ಟೆವ್ವ ಆಫೀಸಿಗೆ ಬಂದಿದ್ದಳು. ಕೈಯಲ್ಲಿ ಖಾಲಿ ಕೊಡ.

"ಎರಡು ವಾರ ಆತು, ಗುಡಿ ಮುಂದಿನ ನೀರ ಕುಡಿಯಾಕತ್ತೇವಿ. ಮೈಬೂಬಗ ಬೈದ್ರ ಮಸಿನ್ ಹೇಳೈತಿ ಅಂತಾನ. ನಿಮ್ಮ ಮಸಿನಿಗಿ ನೀರಡಿಕಿ ಆಕ್ಕೈತೇನ್ರಿ ಸಾಹೇಬ್ರ?"

ಎಲ್ಲರೂ ನಕ್ಕರು. ನಾನೂ.

ಇಂಜಿನಿಯರ್ ಅನಿಲ ಸಾಹೇಬರು ಲ್ಯಾಬ್ ರಿಪೋರ್ಟು ತರಿಸಿ ನೋಡಿದರು. ಕೆಟ್ಟ ನೀರು ಗುಡಿ ಮುಂದಿನದೇ. "ಪಟ್ಟಿ ಕಂಪ್ಯೂಟರಿಂದು, ತಪ್ಪಿರೂದಿಲ್ಲ. ಮೈಬೂಬ ತಪ್ಪು ಬೋರ್ ಬಿಚ್ಚ್ಯಾನ. ನೋಟಿಸ್ ಟೈಪ್ ಮಾಡ್ರಿ."

ಮಾಡಿದೆ. ಎರಡು ಸಲ ತಿದ್ದಿದೆ... ಫೋನಿನ ಮಾತು ಹೇಳಲಿಲ್ಲ.

೨೫ ಏಪ್ರಿಲ್

ಪಟ್ಟಿಗಾಗಿ ಕಂಪ್ಯೂಟರಿಗೆ ನಾನು ಬರೆದುಕೊಟ್ಟ ಕ್ವೆರಿ ತೆಗೆದು ನೋಡಿದೆ. ತಪ್ಪು ನನ್ನದು.

ನೀರಿನ ರಿಪೋರ್ಟು ನಮ್ಮ ಡೇಟಾಬೇಸಿನಲ್ಲಿದೆ. ಬೋರುಗಳ ಜಾಗ ತೋರಿಸುವ ನಕ್ಷೆ ಅದರೊಳಗಿಲ್ಲ — ಆ ಫೈಲು ಬಿಜಾಪುರದ ಸರ್ವರಿನಲ್ಲಿ. ನಮ್ಮ ಕಂಪ್ಯೂಟರು ಅದನ್ನು ಅಲ್ಲಿಂದಲೇ ಓದುತ್ತದೆ. ಎರಡನ್ನೂ ಬೋರಿನ ನಂಬರಿನಿಂದ ಜೋಡಿಸಬೇಕಿತ್ತು. ನಕ್ಷೆಯಲ್ಲಿ ಕೆಲವು ನಂಬರ್ ಖಾಲಿ ಇದ್ದವು. ಅವನ್ನು ತುಂಬಿಸಲು ಬೇಸರ. ಸಾಲಿನ ಕ್ರಮದಿಂದ ಜೋಡಿಸಿಬಿಟ್ಟಿದ್ದೆ. ಮಾರ್ಚಿನಲ್ಲಿ ಬಿಜಾಪುರದವರು ಎರಡು ಹೊಸ ಬೋರನ್ನು ನಕ್ಷೆಯ ಮೇಲ್ತುದಿಗೆ ಸೇರಿಸಿದ್ದಾರೆ. ಎಲ್ಲವೂ ಎರಡು ಸಾಲು ಕೆಳಗೆ ಸರಿದಿವೆ. ಗುಡಿ ಮುಂದಿನ ಹತ್ತೊಂಬತ್ತರ ರಿಪೋರ್ಟು ಹದಿನೇಳರ ಜಾಗದ ಮೇಲೆ ಕೂತಿದೆ.

ಬೇರೆ ಯಾರಿಗೂ ಇದು ಕಾಣುವುದಿಲ್ಲ. ಅದು ಮೊದಲು ಹೊಳೆಯಿತು. ಬರೆಯಲು ನಾಚಿಕೆ.

೨೬ ಏಪ್ರಿಲ್, ಬೆಳಿಗ್ಗೆ

ಹದಿನೇಳಕ್ಕೆ ಹಿಡಿಕೆ ಹಾಕಿ, ಹತ್ತೊಂಬತ್ತು ಬಂದ್ ಮಾಡಿ ಮೈಬೂಬ ಬಂದ. ನೋಟಿಸ್ ಮುಂದೆ ಹಿಡಿದ.

"ಓದಿ ಹೇಳ್ರಿ ಸರ."

ನಾನು ಟೈಪ್ ಮಾಡಿದ್ದನ್ನು ನಾನೇ ಓದಿದೆ. 'ತನ್ನ ಮನಸ್ಸಿಗೆ ಬಂದಂತೆ' ಎಂಬುದನ್ನು ಬೇಗ ಓದಿ ಮುಗಿಸಿದೆ.

"ನಾ ಫೋನ್ ಮಾಡಿದ್ದು ಇದರಾಗ ಇಲ್ಲಲ್ರಿ?"

"ಸಾಹೇಬ್ರನ್ನ ಕೇಳು" ಅಂದೆ.

ಕಾಗದ ಮಡಚಿ ಜೇಬಿಗಿಟ್ಟ. "ಚಾ ಕುಡೀತೀರೇನ್ರಿ?" ಅಂದ. ಬೈದಿದ್ದರೆ ಚೆನ್ನಾಗಿತ್ತು.

ಅದೇ ದಿನ, ಸಂಜೆ ಐದು

ಒಂದು ಪುಟ ಬರೆದು ಸಾಹೇಬರಿಗೆ ಕೊಟ್ಟೆ. ಕ್ವೆರಿ, ಎರಡು ಸಾಲು, ಫೋನು — ಎಲ್ಲ. ಓದಿ ಪುಟವನ್ನು ನನ್ನತ್ತ ಸರಿಸಿದರು.

"ಇದು ಫೈಲಿಗೆ ಹೋದ್ರ ನಿಮ್ಮ ಕಾಂಟ್ರ್ಯಾಕ್ಟ್ ಮುಂದ ನಡಿಯೂದಿಲ್ಲ. ಬೇಕಾದ್ರ ವಾಪಸ್ ಒಯ್ರಿ. ನಾ ನೋಡೇ ಇಲ್ಲ."

ಕೈ ಮುಂದೆ ಹೋಯಿತು, ನಿಜ. ಟೇಬಲ್ ಮೇಲೆಯೇ ಬಿಟ್ಟು ಬಂದೆ.

ಮೈಬೂಬನ ವಿಚಾರಣೆ ನಾಳೆ, ಶುಕ್ರವಾರ, ಹನ್ನೊಂದು ಗಂಟೆಗೆ. ಮೊದಲ ಹೇಳಿಕೆ ನನ್ನದು.